ಒಲೆಯ ಮುಂದೆ ಬರೆದ ‘ಇಲ್ಲ’

ನಮ್ಮ ಸೋದರಮಾವನ ಮನೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಬ್ಯಾರನ್ನಿನ ಒಲೆ ಉರಿಯುತ್ತಿರುವಾಗ ಅದರ ಮುಂದೆ ಹಳೆಯ ಬೆಂಕಿಯ ಮಾತು ಎತ್ತಬಾರದು. ಬಂದ ನೆಂಟರು ಯಾರಾದರೂ ಮರೆತು, ‘ಅವತ್ತು ಆದಂಗೆ ಈಗ್ಲೂ...’ ಅಂತ ಶುರು ಮಾಡಿದರೆ ಅತ್ತೆ ತಕ್ಷಣ ಅಡ್ಡ ಬಾಯಿ ಹಾಕಿ, ‘ಕಾಪಿ ಕುಡಿಯಾಕಿಲ್ವಾ?’ ಅನ್ನುತ್ತಿದ್ದರು. ಕಾಫಿ ಆಗಲೇ ನೆಂಟರ ಕೈಯಲ್ಲಿರುತ್ತಿತ್ತು.

ಊರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಒಳಗೆ ಸಿಗುತ್ತದೆ. ಅಲ್ಲಿ ಹೊಗೆಸೊಪ್ಪು ಬೆಳೆಯುವ ಪ್ರತಿ ಮನೆಯ ಹಿಂದೆಯೂ ಒಂದು ಬ್ಯಾರನ್ ಇದೆ. ಅಂದರೆ ಸೊಪ್ಪು ಬೇಯಿಸುವ, ಎತ್ತರದ ಒಂಟಿ ಕೋಣೆ. ಒಳಗೆ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಮೇಲಿಂದ ಕೆಳಗಿನವರೆಗೆ ಸಾಲು ಸಾಲಾಗಿ ನೇತುಹಾಕುತ್ತಾರೆ. ಹೊರಗಿನ ಒಲೆಗೆ ಸೌದೆ ಹಾಕಿದರೆ ಕಾವು ಕಬ್ಬಿಣದ ಪೈಪುಗಳಲ್ಲಿ ಹಾದು ಕೋಣೆಯನ್ನೆಲ್ಲ ಸುತ್ತುತ್ತದೆ. ಐದಾರು ದಿನ ಆ ಒಲೆ ಆರಬಾರದು, ಮಿತಿ ಮೀರಿ ಉರಿಯಲೂಬಾರದು. ಪೈಪು ಕೆಂಪಗೆ ಕಾದಾಗ ಒಂದು ಒಣಗಿದ ಎಲೆ ಅದರ ಮೇಲೆ ಬಿದ್ದರೂ ಸಾಕು, ಮಾಡಿದ್ದೆಲ್ಲ ಬೂದಿ.

ಮಾವನ ಬ್ಯಾರನ್ ಹಾಗೆ ಒಮ್ಮೆ ಬೂದಿಯಾದಾಗ ನನಗೆ ಒಂಬತ್ತು ವರ್ಷ. ಅದೇ ವರ್ಷ ಅಪ್ಪ ತೀರಿಕೊಂಡಿದ್ದರು. ಅಮ್ಮ, ನಾನು ಮಾವನ ಮನೆಗೆ ಬಂದು ಸೇರಿದ್ದೆವು. ಆ ಮಧ್ಯಾಹ್ನದ್ದು ನನಗೆ ನೆನಪಿರುವುದು ಚೂರುಪಾರು ಅಷ್ಟೆ. ಅತ್ತೆ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಪಕ್ಕದ ರಾಗಿ ಹೊಲದ ಬದುವಿಗೆ ಓಡಿದ್ದು. ಬಿಂದಿಗೆಗಳ ಸದ್ದು. ಎಲ್ಲ ಮುಗಿದ ಮೇಲೆ ಮಾವ ಬಂದು, ಕಪ್ಪಾದ ಅಂಗೈ ಬಿಚ್ಚಿ ನಾಲ್ಕು ಸುಟ್ಟ ಹಲಸಿನ ಬೀಜ ಕೊಟ್ಟಿದ್ದು. ‘ಪೈಪು ತೂತಾಗಿತ್ತು ಕಣವ್ವ, ಅದಕ್ಕೇ ಅಂಗಾಯ್ತು’ ಅಂದರು. ನಾನು ಬೀಜ ಸುಲಿದು ತಿಂದೆ. ಮನೆ ಬ್ಯಾರನ್ ಸುಟ್ಟುಹೋಗಿದ್ದಕ್ಕಿಂತ ಬೀಜ ಹೆಚ್ಚು ಸುಟ್ಟಿತ್ತಲ್ಲ ಅನ್ನೋದೇ ನನಗೆ ದುಃಖವಾಗಿತ್ತು. ಅಂಥ ಹೊಟ್ಟೆಬಾಕಿ ನಾನು.

ಆಮೇಲೆ ಓದಿದೆ, ಮದುವೆಯಾಗಿ ಹುಣಸೂರಿಗೆ ಬಂದೆ, ವಿಮೆ ಏಜೆಂಟ್ ಆದೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಸ್ಕೂಟರಿನ ಮೇಲೆ ನಾಲ್ಕು ತಾಲ್ಲೂಕು ಸುತ್ತುತ್ತಿದ್ದೇನೆ. ಕೆ.ಆರ್. ನಗರದ ಕಡೆ ಎತ್ತು, ಗಾಡಿ, ಟ್ರ್ಯಾಕ್ಟರು. ಕೋಟೆ ತಾಲ್ಲೂಕಿನ ಕಡೆ ಕಾಡಂಚಿನ ಹಾಡಿಗಳಲ್ಲಿ ಹಸು, ಆಡು. ಪಿರಿಯಾಪಟ್ಟಣದಲ್ಲಿ ಬ್ಯಾರನ್. ಎಲ್ಲ ಕಡೆ ನನಗೆ ಒಂದು ಹೆಸರಿದೆ, ‘ಸಾಬೀತು ಮೇಡಂ’. ಯಾವ ಮಾತು ಹೇಳಿದರೂ ಅದಕ್ಕೊಂದು ಕಾಗದ ತೋರಿಸಿ ಅನ್ನುತ್ತೇನಂತೆ. ಮೂಗಿನ ತುದಿಯಲ್ಲೇ ಕೋಪ ಅಂತಲೂ ಹೇಳುತ್ತಾರೆ, ಅದಕ್ಕೆ ಕಾಗದ ಬೇಕಿಲ್ಲ.

ಹಾಗೆ ಸುತ್ತುವಾಗ ಒಮ್ಮೆ ಪಿರಿಯಾಪಟ್ಟಣದ ಹತ್ತಿರ ಒಬ್ಬ ರೈತರು ಉರಿಯುವ ಒಲೆಯ ಮುಂದೆಯೇ ಕಾಲು ಚಾಚಿ ಕೂತು, ತಮ್ಮ ಬ್ಯಾರನ್ ಎರಡು ಸಲ ಸುಟ್ಟ ಕಥೆಯನ್ನು ನಗುನಗುತ್ತಾ ಹೇಳಿದರು. ‘ಒಲೆ ಮುಂದೆ ಆ ಮಾತು ಆಡಬಾರದಲ್ವಾ?’ ಅಂದೆ. ‘ಯಾಕವ್ವ? ಒಲೆಗೇನು ಕಿವಿ ಇದ್ದದಾ?’ ಅಂದರು. ಆಮೇಲೆ ಇನ್ನೂ ನಾಲ್ಕಾರು ಕಡೆ ಕೇಳಿದೆ. ಯಾರಿಗೂ ಅಂಥ ಪದ್ಧತಿ ಗೊತ್ತಿರಲಿಲ್ಲ. ಮನೆಗೊಂದು ನೇಮ ಇರುತ್ತದೆ, ಇದು ನಮ್ಮ ಮಾವನ ಮನೆಯದು ಅಂದುಕೊಂಡು ಸುಮ್ಮನಾದೆ. ಮಿಕ್ಕ ಎಲ್ಲದಕ್ಕೂ ಸಾಬೀತು ಕೇಳುವವಳು ಅದಕ್ಕೆ ಮಾತ್ರ ಕೇಳಲಿಲ್ಲ.

ಊರಿನವರ ಬ್ಯಾರನ್‌ಗಳಿಗೆಲ್ಲ ವಿಮೆ ಮಾಡಿಸಿದ ನನಗೆ ಮಾವನ ಬ್ಯಾರನ್ ಮಾತ್ರ ದಕ್ಕಿರಲಿಲ್ಲ. ಹೋದಾಗಲೆಲ್ಲ ಕೇಳುತ್ತಿದ್ದೆ, ‘ಬ್ಯಾಡ ಬುಡು’ ಅನ್ನುತ್ತಿದ್ದರು. ಸ್ವಂತ ಸೋದರಸೊಸೆಯ ಕೈಲಿ ಮಾಡಿಸಲ್ಲ ಅಂದರೆ ಹೊರಗಿನವರು ಏನಂದುಕೊಳ್ಳಬೇಕು ಅಂತ ನಾನು ಮುನಿಸಿಕೊಂಡು ಒಂದು ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲೂ ಹೋಗಲಿಲ್ಲ. ಕೊನೆಗೆ ಅತ್ತೆಯೇ ಗಂಡನ ಮೇಲೆ ರೇಗಿ ಒಪ್ಪಿಸಿದರು. ಮಾವ ಒಂದು ಷರತ್ತು ಹಾಕಿದರು. ಆ ವರ್ಷದ ಮೊದಲ ಒಲೆ ಹಚ್ಚುವ ದಿನ, ಪೂಜೆ ಆದ ಮೇಲೆ, ಒಲೆಯ ಮುಂದೆ ಕೂತೇ ಫಾರಂ ತುಂಬಬೇಕು. ಒಳ್ಳೆಯದಾಗಲಿ ಅಂತ.

ಚಾಪೆ ಹಾಸಿ ಕೂತೆವು. ಅತ್ತೆ ಫಾರಮ್ಮಿನ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದರು. ಆಫೀಸಿನಲ್ಲಿ ಇದನ್ನು ನೋಡಿ ನಗುತ್ತಾರೆ ಅಂದರೆ, ‘ನಗ್ಲಿ ಬುಡು, ಅವರ ಮನೇಲೂ ಮಾಡ್ತಾರೆ’ ಅಂದರು.

‘ಮಾವ, ವಯಸ್ಸು?’

‘ನೀನೇ ಒಂದು ಆಕ್ಕೊ.’

‘ಆಧಾರ್ ತನ್ನಿ ಮತ್ತೆ.’

‘ನನ್ ಮಕ ನೋಡಿ ಬರ್ಕೊಳಾಕೆ ಆಗಕಿಲ್ವಾ ನಿಂಗೆ?’

ಗೋಡೆ ಎಂಥದ್ದು, ಚಾವಣಿ ಎಂಥದ್ದು, ನೀರು ಎಷ್ಟು ದೂರ, ಎಲ್ಲ ಬರೆದೆ. ಆಮೇಲೆ ಆ ಸಾಲು ಬಂತು. ಹಿಂದೆ ಯಾವಾಗಲಾದರೂ ಇದೇ ಆಸ್ತಿಗೆ ನಷ್ಟವಾಗಿ ವಿಮಾ ಪರಿಹಾರ ಪಡೆದಿದ್ದೀರಾ? ನಾನು ದನಿ ಇಳಿಸಿ, ಬೆಂಕಿಯ ಹೆಸರೆತ್ತದೆ, ‘ಹಿಂದೆ ಕ್ಲೇಮ್ ಏನಾದ್ರೂ ತಗೊಂಡಿದ್ರಾ ಮಾವ?’ ಅಂದೆ.

ಮಾವ ಒಲೆ ನೋಡಿದರು. ನನ್ನನ್ನು ನೋಡಿದರು. ‘ಇಲ್ಲ ಅಂತ ಬರ್ಕೊ’ ಅಂದರು.

ಬೆಂಕಿ ಬಿದ್ದಿದ್ದು ನನಗೆ ಗೊತ್ತಿತ್ತು. ಆಗ ವಿಮೆ ಇತ್ತೋ ಇಲ್ಲವೋ ಗೊತ್ತಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಪೆನ್ನು ಕೆಳಗಿಟ್ಟು, ‘ಸರಿಯಾಗಿ ನೆನಪು ಮಾಡ್ಕೊಳ್ಳಿ, ಆಮೇಲೆ ತೊಂದರೆ ಆಗುತ್ತೆ’ ಅಂತ ಮೂರು ಸಲ ಕೇಳುತ್ತಿದ್ದೆ. ಇಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ಅತ್ತೆ ಆಗಲೇ, ‘ಕಾಪಿ ಕುಡಿಯಾಕಿಲ್ವಾ?’ ಅಂದಾಗಿತ್ತು. ನಾನು ‘ಇಲ್ಲ’ ಅಂತ ದುಂಡಗೆ ಬರೆದು, ಮಾವನ ಸಹಿ ಹಾಕಿಸಿದೆ.

ಎರಡನೇ ಬೆಂಕಿ ಬಿದ್ದಿದ್ದು ಕಳೆದ ವರ್ಷದ ಹಿಂದಿನ ವರ್ಷ. ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಒಳಗೆ ಕಡ್ಡಿಯೊಂದು ಮುರಿದು ಸೊಪ್ಪು ಪೈಪಿನ ಮೇಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ನಾನು ಹೋಗುವ ಹೊತ್ತಿಗೆ ಉಳಿದಿದ್ದು ಗೋಡೆಗಳು ಮಾತ್ರ. ಹೊಲದಲ್ಲಿ ಸೊಪ್ಪು ಬಲಿತು ನಿಂತಿತ್ತು. ಅದು ಯಾರಿಗೂ ಕಾಯುವುದಿಲ್ಲ. ಮಾವ ಪಕ್ಕದವರ ಬ್ಯಾರನ್ ಬಿಡುವಾಗುವುದನ್ನು ಕಾದು, ಅವರ ಸರದಿ ಮುಗಿದ ಮೇಲೆ ತಮ್ಮದನ್ನು ಬೇಯಿಸಿಕೊಂಡರು. ಅರ್ಧ ಸೊಪ್ಪು ಹೊಲದಲ್ಲೇ ಹಾಳಾಯಿತು. ಎಪ್ಪತ್ತು ದಾಟಿದ ಮನುಷ್ಯ, ಎಲೆಯನ್ನು ಮುಟ್ಟಿ ನೋಡಿಯೇ ಒಳಗಿನ ಕಾವು ಎಷ್ಟು ಅಂತ ಹೇಳುತ್ತಿದ್ದವರು, ಬೇರೆಯವರ ಒಲೆಯ ಪಕ್ಕ ಕೈಕಟ್ಟಿ ನಿಂತಿದ್ದರು.

‘ಹಣ ಬಂದ್ರೆ ಕಟ್ತೀನಿ. ಬರ್ನಿಲ್ಲ ಅಂದ್ರೆ ನಂದು ಮುಗೀತು ಕಣವ್ವ. ಹೊಲ ವಾರಕ್ಕೆ ಕೊಟ್ಬುಟ್ಟು, ಬಂದ ಪಾಲು ತಿನ್ಕೊಂಡು ಕೂತ್ಕೊತೀನಿ’ ಅಂದರು. ಕೂತುಕೊಳ್ಳುವ ಜೀವವೇ ಅಲ್ಲ ಅದು. ನಾನು ‘ಬಂದೇ ಬರುತ್ತೆ, ಮಾಡಿಸಿರೋದು ಯಾರು?’ ಅಂತ ಜಂಬ ಕೊಚ್ಚಿದೆ.

ನಷ್ಟ ನೋಡಲು ಸರ್ವೇಯರ್ ಬಂದಾಗ ಪಕ್ಕದ ಮನೆಯವರು ಸಹಾಯ ಮಾಡಲೆಂದೇ ಓಡಿ ಬಂದು, ‘ಪಾಪ ಸಾರ್, ಈ ಮನೆಗೆ ಇದು ಎರಡ್ನೇ ಸಲ. ಅವಾಗ್ಲೂ ಕಂಪ್ನಿಯೋರು ಕೊಟ್ಟಿದ್ರು, ಇವಾಗ್ಲೂ ಕೊಡಿ’ ಅಂದರು. ಸರ್ವೇಯರ್ ತಲೆ ಎತ್ತಿ ನನ್ನ ಕಡೆ ನೋಡಿದರು. ನನಗೆ ನೆಲ ಬಾಯಿಬಿಡಬಾರದಾ ಅನ್ನಿಸಿತು.

ಎರಡು ತಿಂಗಳಿಗೆ ಕಾಗದ ಬಂತು. ಹಿಂದಿನ ಪರಿಹಾರದ ಸಂಗತಿಯನ್ನು ಮುಚ್ಚಿಟ್ಟಿದ್ದೀರಿ, ಆದ್ದರಿಂದ ಕ್ಲೇಮ್ ತಿರಸ್ಕರಿಸಲಾಗಿದೆ. ಅದೇ ಕಾಗದ ಬೇರೆಯವರ ಮನೆಗೆ ಬಂದಾಗಲೆಲ್ಲ ನಾನು, ‘ನೀವು ಮೊದಲೇ ನಿಜ ಹೇಳಬೇಕಿತ್ತು’ ಅಂತ ಬುದ್ಧಿ ಹೇಳಿ ಬಂದವಳು. ಈ ಸಲ ಸಿಟ್ಟು ನೆತ್ತಿಗೇರಿತು. ಬಸ್ಸು ಹತ್ತಿ ಸೀದಾ ಮೈಸೂರಿನ ಕಚೇರಿಗೆ ಹೋಗಿ, ‘ಎಲ್ಲಿದೆ ಸಾಬೀತು ತೋರಿಸಿ’ ಅಂತ ಮೇಜು ಕುಟ್ಟಿದೆ.

ಅಲ್ಲಿನ ಅಧಿಕಾರಿ ಒಳ್ಳೆಯವರು, ನನ್ನ ಬಾಯಿಗೆ ಹೆದರಿ ಅಭ್ಯಾಸವಾದವರು. ಒಂದು ಜೆರಾಕ್ಸ್ ಮುಂದಿಟ್ಟರು. ಹಳೆಯ ಕಡತ, ನಮ್ಮ ಕಂಪನಿಯದೇ. ಮಾವನ ಕೈಬರಹ, ಅವರು ಬರೆಯುವ ಗುಂಡು ಗುಂಡು ಅಕ್ಷರ. ಬೆಂಕಿ ಹೇಗಾಯಿತೆಂದು ಅವರೇ ಬರೆದುಕೊಟ್ಟ ಹೇಳಿಕೆ.

‘ನಾವು ಊಟಕ್ಕೆ ಹೋಗಿದ್ದಾಗ ನನ್ನ ತಂಗಿಯ ಮಗಳು, ವಯಸ್ಸು ಒಂಬತ್ತು, ಹಲಸಿನ ಬೀಜ ಸುಡುವುದಕ್ಕಾಗಿ ಒಲೆಗೆ ಸೌದೆ ಜಾಸ್ತಿ ಹಾಕಿದ್ದರಿಂದ ಕಾವು ಏರಿ ಈ ಅನಾಹುತ ಆಗಿರುತ್ತದೆ. ಮಗುವನ್ನು ಒಲೆ ಹತ್ತಿರ ಒಂದನ್ನೇ ಬಿಟ್ಟಿದ್ದು ನನ್ನ ತಪ್ಪು. ಸುಳ್ಳು ಬರೆಯಬಾರದೆಂದು ಇದನ್ನು ಬರೆದಿದ್ದೇನೆ. ಮಗುವಿಗೆ ಈ ವರ್ಷ ತಂದೆ ಹೋಗಿದ್ದಾರೆ. ಇದು ತಿಳಿದರೆ ಊರಿನವರು ಮಗುವನ್ನು ಆಡಿಕೊಳ್ಳುತ್ತಾರೆ. ಆದ ಕಾರಣ ಈ ಮಾತು ಊರಿಗೂ ಆ ಮಗುವಿಗೂ ಯಾವತ್ತೂ ತಿಳಿಯದ ಹಾಗೆ ನೋಡಿಕೊಳ್ಳಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ.’

ನಾನು ಅದನ್ನು ಎರಡು ಸಲ ಓದಿದೆ. ಆಗ ನೆನಪು ಬಂತು. ಬೂದಿಯಲ್ಲಿ ಬೀಜ ಹೂತಿಟ್ಟು ಎಷ್ಟು ಹೊತ್ತಾದರೂ ಬೇಯಲಿಲ್ಲ. ಮೂಲೆಯಲ್ಲಿದ್ದ ಒಣ ಸೌದೆಯನ್ನು ಒಂದೊಂದಾಗಿ ಎಳೆದು ತಂದು ಒಳಗೆ ನೂಕಿದ್ದೆ. ಎಷ್ಟು ಚೆನ್ನಾಗಿ ಉರಿಯುತ್ತೆ ಅಂತ ಚಪ್ಪಾಳೆ ಕೂಡ ತಟ್ಟಿದ್ದೆನೋ ಏನೋ.

ಅಪ್ಪನನ್ನು ಕಳೆದುಕೊಂಡು ಬಂದ ಹುಡುಗಿ, ಬಂದ ಮನೆಯ ಬ್ಯಾರನ್ ಸುಟ್ಟಳು ಅಂದರೆ ನಮ್ಮ ಕಡೆ ಜನ ಏನು ಮಾತಾಡುತ್ತಾರೆ ಅಂತ ನನಗೆ ಗೊತ್ತು. ಅಂಥ ಮಾತು ಬೆನ್ನಿಗೆ ಅಂಟಿಕೊಂಡು ಕೊನೆಯವರೆಗೂ ಬಿಡದ ಹೆಂಗಸರನ್ನು ನಾನು ಊರೂರಲ್ಲಿ ನೋಡಿದ್ದೇನೆ. ನನ್ನನ್ನು ಯಾರೂ ಒಂದು ಮಾತು ಅಂದಿರಲಿಲ್ಲ. ಒಲೆಯ ಮುಂದೆ ಹಳೆಯ ಮಾತು ಎತ್ತಬಾರದು ಅನ್ನುವ ಪದ್ಧತಿ ಆ ಮನೆಗೆ ಎಲ್ಲಿಂದ ಬಂತು, ಯಾವ ವರ್ಷ ಬಂತು ಅನ್ನುವುದು ಆ ಕುರ್ಚಿಯಲ್ಲಿ ಕೂತು ತಿಳಿಯಿತು. ಇಷ್ಟು ವರ್ಷ ವಿಮೆ ಬೇಡ ಅಂದಿದ್ದು ಯಾಕೆ ಅನ್ನುವುದೂ ತಿಳಿಯಿತು. ‘ಹೌದು’ ಅಂದರೆ ಕಾರಣ ಕೇಳಿ ಫಾರಮ್ಮಿನ ಆ ಸಾಲನ್ನು ತುಂಬುವವಳು ನಾನೇ ಅಲ್ಲವೇ?

ಮೈಸೂರಿನ ಆ ಕಚೇರಿಯಲ್ಲಿ, ನಾಲ್ಕು ಜನರ ಎದುರಿಗೆ, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅಧಿಕಾರಿ ಗಾಬರಿಯಾಗಿ ಫ್ಯಾನು ಜೋರು ಮಾಡಿದರು.

ಅಂದೇ ದೂರು ಕೇಳುವ ಮೇಲಧಿಕಾರಿಗೆ ಅರ್ಜಿ ಬರೆದೆ. ಹಿಂದೆ ಬೆಂಕಿ ಬಿದ್ದದ್ದು ಏಜೆಂಟ್ ಆದ ನನಗೆ ಗೊತ್ತಿತ್ತು, ಗೊತ್ತಿದ್ದೂ ಎರಡನೇ ಸಲ ಕೇಳದೆ ‘ಇಲ್ಲ’ ಎಂದು ಬರೆದೆ, ತಪ್ಪು ನನ್ನದು. ಗಂಡ ಓದಿ, ‘ನಿನ್ನ ಏಜೆನ್ಸಿ ಹೋಗುತ್ತೆ ಕಣೇ’ ಅಂದರು. ‘ಹೋಗಲಿ’ ಅಂದೆ. ಹೇಳುವಾಗ ಧೈರ್ಯವಾಗೇ ಹೇಳಿದೆ, ಆಮೇಲೆ ಹೋಗಿ, ಒರೆಸಿದ ಸ್ಕೂಟರನ್ನೇ ಮತ್ತೆ ಮತ್ತೆ ಒರೆಸಿದೆ. ಬೇರೆ ಯಾವ ಕೆಲಸವೂ ನನಗೆ ಬರುವುದಿಲ್ಲ.

ವಿಚಾರಣೆಗೆ ಮಾವನನ್ನೂ ಕರೆದರು. ಇಬ್ಬರೂ ಹುಣಸೂರಿನಲ್ಲಿ ಬಸ್ಸು ಹತ್ತಿದೆವು. ಮಾವ ಮದುವೆಗೆ ಹಾಕುವ ಬಿಳಿ ಅಂಗಿ ಹಾಕಿದ್ದರು. ಬಿಳಿಕೆರೆ ದಾಟಿತು. ಆಮೇಲೆ, ‘ನೀನು ಅಲ್ಲಿ ಬಾಯ್ ಬುಡಬ್ಯಾಡ. ನಾನು ಏಳ್ತೀನಿ’ ಅಂದರು.

‘ನೀವು ಸುಮ್ನಿರಿ ಮಾವ. ಆಫೀಸಿನ ವಿಷಯ ನಿಮಗೆ ಗೊತ್ತಾಗಲ್ಲ.’

‘ನಿಂಗಿಂತ ಮುಂಚೆ ನೋಡಿವ್ನಿ ಆ ಆಫೀಸ್ನ’ ಅಂದವರು, ಹೇಳಬಾರದ್ದು ಹೇಳಿದೆನೇನೋ ಅಂತ ಕಿಟಕಿಯ ಕಡೆ ತಿರುಗಿಕೊಂಡರು. ನಾನು ಕೇಳಿಸದವಳಂತೆ ಪರ್ಸಿನಲ್ಲಿ ಚಿಲ್ಲರೆ ಹುಡುಕಿದೆ.

ಮೇಲಧಿಕಾರಿ ನನ್ನ ವಯಸ್ಸಿನ ಹೆಂಗಸು. ನನ್ನ ಅರ್ಜಿ ಓದಿ ತಲೆ ಎತ್ತುವಷ್ಟರಲ್ಲಿ ಮಾವ ಎದ್ದು ನಿಂತರು. ‘ಅವಳದೇನೂ ತಪ್ಪಿಲ್ಲ ತಾಯಿ. ಅವಳು ಕೇಳಿದ್ಲು. ಇಲ್ಲ ಅಂದೋನು ನಾನು.’

‘ನಾನು ಎರಡನೇ ಸಲ ಕೇಳಬೇಕಿತ್ತು ಮೇಡಂ’ ಅಂದೆ.

‘ಎರಡ್ನೇ ಸಲ ಕೇಳಿದ್ರೂ ಇಲ್ಲ ಅಂತಿದ್ದೆ.’

‘ನನಗೆ ಬೆಂಕಿ ವಿಷಯ ಗೊತ್ತಿತ್ತು.’

‘ಇವಳಿಗೇನ್ ಗೊತ್ತಿತ್ತು? ಚಡ್ಡಿ ಹಾಕ್ಕೊಂಡು ಓಡಾಡೋ ಕೂಸು!’

‘ಒಬ್ಬೊಬ್ಬರಾಗಿ ಮಾತಾಡಿ’ ಅಂದರು ಆಕೆ. ಇಷ್ಟು ವರ್ಷದಲ್ಲಿ ತಪ್ಪು ನನ್ನದು, ನನ್ನದು ಅಂತ ಜಗಳ ಆಡುವವರನ್ನು ಆಕೆ ನೋಡಿರಲಿಕ್ಕಿಲ್ಲ. ‘ಯಜಮಾನರೇ, ಆಗ ಎಲ್ಲ ನಿಜ ಬರೆದುಕೊಟ್ಟವರು ಈಗ ಯಾಕೆ ಮುಚ್ಚಿಟ್ಟಿರಿ?’

ಮಾವ ಅಂಗಿಯ ತುದಿ ಹಿಡಿದು ಮಡಚಿದರು, ಬಿಚ್ಚಿದರು. ಆಮೇಲೆ ಮೆಲ್ಲಗೆ, ‘ಈ ಕೂಸ್ನ ಒಂದ್ ಗಳಿಗೆ ಆಚೆ ಕಳಿಸ್ತೀರಾ ತಾಯಿ?’ ಅಂದರು.

ನಲವತ್ತು ದಾಟಿದ ಕೂಸು ಎದ್ದು ಆಚೆ ಹೋಗಿ ಬೆಂಚಿನ ಮೇಲೆ ಕೂತಿತು. ಆ ಕಡತ ನಾನು ಆಗಲೇ ಓದಿದ್ದೇನೆ ಅಂತ ಅವರಿಗೆ ಗೊತ್ತಿರಲಿಲ್ಲ. ಬಾಗಿಲ ಆಚೆಯಿಂದ ಮಾವನ ದನಿಯ ಏರಿಳಿತ ಮಾತ್ರ ಕೇಳುತ್ತಿತ್ತು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು.

‘ಏನಂದ್ರಿ ಮಾವ?’

‘ಪೈಪು ತೂತಾಗಿತ್ತು ಅಂದೆ’ ಅಂದರು. ‘ನಡಿ, ಹೊಟ್ಟೆ ಹಸೀತದೆ.’

ಬಸ್ ಸ್ಟ್ಯಾಂಡಿನ ಹತ್ತಿರ ಇಬ್ಬರೂ ಮಸಾಲೆ ದೋಸೆ ತಿಂದೆವು. ನನಗೆ ಹೇಳಿಬಿಡೋಣ ಅನ್ನಿಸಿತು, ನಾನು ಓದಿದೆ ಮಾವ ಅಂತ. ಅವರು ತಮ್ಮ ದೋಸೆಯ ಗರಿಗರಿ ಅಂಚನ್ನು ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದರು, ಒಂಬತ್ತು ವರ್ಷದವಳಿಗೆ ಹಾಕುತ್ತಿದ್ದ ಹಾಗೆಯೇ. ಹೇಳದೆ ಅದನ್ನು ತಿಂದೆ.

ತೀರ್ಮಾನ ಬೇಸಿಗೆಗೆ ಮುಂಚೆ ಬಂತು. ಹಳೆಯ ನಷ್ಟ ತುಂಬ ಹಿಂದಿನದು, ಏಜೆಂಟರಿಗೆ ವಿಷಯ ತಿಳಿದಿದ್ದೂ ಫಾರಮ್ಮಿನಲ್ಲಿ ತಪ್ಪು ಬರೆದಿದ್ದಾರೆ, ಆದ್ದರಿಂದ ರೈತರಿಗೆ ಪರಿಹಾರ ಕೊಡತಕ್ಕದ್ದು. ಏಜೆಂಟರನ್ನು ಆರು ತಿಂಗಳು ಅಮಾನತಿನಲ್ಲಿ ಇಡತಕ್ಕದ್ದು. ಮಾವ ಮೊದಲ ಅರ್ಧಕ್ಕೆ ನಕ್ಕು, ಎರಡನೇ ಅರ್ಧಕ್ಕೆ ಊಟ ಬಿಟ್ಟರು. ನಾನು ಆ ಆರು ತಿಂಗಳು ಅವರ ಬ್ಯಾರನ್ ಕಟ್ಟುವ ಕಡೆ ಹೋಗಿ ಗಾರೆಯವರ ಮೇಲೆ ರೇಗಾಡಿಕೊಂಡು ಕಾಲ ಕಳೆದೆ. ನನ್ನಿಂದ ತಪ್ಪಿಸಿಕೊಳ್ಳಲೆಂದೇ ಅವರು ಬೇಗ ಮುಗಿಸಿದರು ಅಂತ ಅತ್ತೆ ಹೇಳುತ್ತಾರೆ.

ಮಳೆ ಹಿಡಿದ ಒಂದು ಬೆಳಗ್ಗೆ ಹೊಸ ಬ್ಯಾರನ್ನಿನಲ್ಲಿ ಮೊದಲ ಒಲೆ ಹಚ್ಚಿದರು. ನನ್ನ ಅಮಾನತು ಮುಗಿದು ವಾರವಾಗಿತ್ತು. ಕೈಯಲ್ಲಿ ಹೊಸ ಫಾರಂ ಇತ್ತು. ಬರುವಾಗ ಅತ್ತೆಯ ಮಡಕೆಯಲ್ಲಿ ಮಳೆಗಾಲಕ್ಕೆಂದು ಕೆಮ್ಮಣ್ಣು ಸವರಿಟ್ಟಿದ್ದ ಹಲಸಿನ ಬೀಜದಲ್ಲಿ ಒಂದು ಹಿಡಿ ಎತ್ತಿಕೊಂಡು ಬಂದಿದ್ದೆ. ಮಾವ ನೋಡುತ್ತಿದ್ದ ಹಾಗೆಯೇ ಒಲೆಯ ಬಾಯಿಯಲ್ಲಿ ಆಗಷ್ಟೇ ಬಿದ್ದ ಬೂದಿ ಕೆದಕಿ ಅವನ್ನು ಹೂತೆ. ಅವರ ಮುಖದ ಬಣ್ಣ ಹೋಯಿತು.

ಅರಿಶಿನ ಕುಂಕುಮ ಆಯಿತು. ಗೋಡೆ, ಚಾವಣಿ, ನೀರು ಎಲ್ಲ ಬರೆದಾಯಿತು. ಆ ಸಾಲು ಬಂತು.

‘ಮಾವ, ಹಿಂದೆ ಕ್ಲೇಮ್ ತಗೊಂಡಿದ್ದೀರಾ?’

‘ಕಾಪಿ ಕುಡಿಯಾಕಿಲ್ವಾ?’ ಅಂದರು ಅತ್ತೆ.

‘ಆಮೇಲೆ ಕುಡೀತೀನಿ ಅತ್ತೆ’ ಅಂದೆ. ಬರೆಯುತ್ತಾ, ಬರೆದದ್ದನ್ನು ಗಟ್ಟಿಯಾಗಿ, ಒಲೆಯ ಮುಂದೆ ಓದಿದೆ. ‘ಹೌದು, ಎರಡು ಸಲ. ಎರಡನೇದು ಕಡ್ಡಿ ಮುರಿದು. ಮೊದಲನೇದು, ಮನೆಯ ಮಗಳು ಒಲೆಗೆ ಸೌದೆ ಜಾಸ್ತಿ ಹಾಕಿದ್ದರಿಂದ.’

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಮಾವ ಒಲೆಯಿಂದ ನನ್ನ ಕಡೆ ತಿರುಗಿದರು.

‘ಯಾರ್ ಏಳಿದ್ರು ನಿಂಗೆ?’

‘ನೀವೇ. ನಿಮ್ಮ ಕೈಬರಹದಲ್ಲಿ.’

ನನಗೆ ಇನ್ನೂ ಏನೇನೋ ಹೇಳಬೇಕಿತ್ತು. ಪೆನ್ನು ಬಿಟ್ಟು, ಬೀಜ ಬೆಂದಿದೆಯಾ ನೋಡುವ ನೆಪದಲ್ಲಿ ಬೂದಿ ಕೆದಕಲು ಹೋದೆ. ಬೀಜ ಇನ್ನೂ ಹಸಿಯಾಗಿತ್ತು. ಅಭ್ಯಾಸಬಲವೋ ಏನೋ, ಕೈ ತಾನಾಗಿ ಪಕ್ಕದ ಸೌದೆಯ ಕಡೆ ಹೋಯಿತು.

ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು. ಇಷ್ಟು ವರ್ಷಗಳಲ್ಲಿ ಒಲೆಯ ಮುಂದೆ ಅವರು ಆ ಮಾತು ಎತ್ತಿದ್ದು ಅದೇ ಮೊದಲು.

‘ಈ ಸಲ ಸೌದೆ ಹಾಕ್ಬ್ಯಾಡ ಕಣವ್ವ’ ಅಂದರು. ‘ತಂತಾನೇ ಬೇಯ್ತದೆ. ನಾನೂ ಇಲ್ಲೇ ಕೂತಿರ್ತೀನಿ.’